ಏಕಾದಶಿಯ ಗುಳಿಗೆ

ಜಯತೀರ್ಥ ಮಾಸ್ತರರ ಅಂಗೈಯಲ್ಲಿದ್ದ ಗುಳಿಗೆ ಜೋಳದ ಕಾಳಿಗಿಂತ ತುಸು ದೊಡ್ಡದು. ಅದು ಅಂಗೈಯಿಂದ ಬಾಯಿಗೆ ಹೋಗಲು ಆ ದಿನ ಹನ್ನೊಂದು ತಾಸು ಹಿಡಿಯಿತು.

ಬೆಳಗಿನ ಎಂಟು ಗಂಟೆ. ಬೇಸಿಗೆ ರಜೆ. ಹೆಂಡತಿ ಇಂದೂಬಾಯಿ ತಂಗಿಯನ್ನು ನೋಡಲು ಬಸವನ ಬಾಗೇವಾಡಿಗೆ ಹೋಗಿ ಎರಡು ದಿನವಾಗಿತ್ತು. ಮಾಸ್ತರರು ಇಂಡಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಅವರೇ ಒಲೆಯ ಮೇಲಿಟ್ಟ ಉಪ್ಪಿಟ್ಟು ಹದಕ್ಕೆ ಬರುತ್ತಿತ್ತು. ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗ ಅವರ ಎದೆ ಬಿಗಿದಿತ್ತು; ಪರೀಕ್ಷೆ ಮಾಡಿದ ಡಾಕ್ಟರು ಬಿ.ಪಿ.ಯೂ ಹೆಚ್ಚಿದೆ ಎಂದು ಆಮ್ಲೋಡಿಪಿನ್ ಬರೆದುಕೊಟ್ಟಿದ್ದರು. ರಕ್ತನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ಇದು ತಡೆಯುತ್ತದೆ, ಆಗ ನಾಳ ಸಡಿಲಾಗುತ್ತದೆ ಎಂದು ವಿವರಿಸಿದ್ದರು. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಪಾದ ಬಾತರೆ ಬಂದು ಹೇಳಬೇಕು, ಕೇಳದೆ ಬಿಡಬಾರದು. ಗಣಿತದ ಮಾಸ್ತರರು ಕೊನೆಯ ಮಾತನ್ನು ಪ್ರಮೇಯದಂತೆ ನಂಬಿದ್ದರು. ಒಂದು ದಿನ ತಪ್ಪಿದರೂ ನಾಳಗಳೆಲ್ಲ ಕೆರೆಯ ತೂಬಿನಂತೆ ಮುಚ್ಚಿಕೊಂಡು ತಾವು ಕಟ್ಟೆಯ ಮೇಲೆಯೇ ಉರುಳುತ್ತೇವೆಂಬ ಉಪಪ್ರಮೇಯ ಮಾತ್ರ ಅವರದೇ.

ಪಕ್ಕದ ಮನೆಯ ಸಿದ್ದರಾಯರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಕೃಷಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಇಡೀ ಓಣಿಯ ಉಸ್ತುವಾರಿ ವಹಿಸಿಕೊಂಡಿದ್ದರು.

"ಮಾಸ್ತರ, ಇವತ್ತ ಏಕಾದಶಿ ಐತಿ. ಮೊಬೈಲ್‌ನ್ಯಾಗ ಮೂರು ಮಂದಿ ಶುಭಾಶಯ ಕಳಿಸ್ಯಾರ. ನಿಮ್ಮ ಮನ್ಯಾಗ ಉಪ್ಪಿಟ್ಟಿನ ವಾಸನಿ ಬರಾಕತ್ತೈತಲ್ಲ?"

ವೈಷ್ಣವರ ಮನೆಯವನಿಗೆ ಏಕಾದಶಿಯನ್ನು ಸಿದ್ದರಾಯ ನೆನಪಿಸುವುದೆಂದರೆ ಮಾಸ್ತರರಿಗೆ ತಲೆ ಎತ್ತಲಾಗದಷ್ಟು ನಾಚಿಕೆ. "ಅದು ನಿಮ್ಮ ಆಕಳಿಗೆ ಮಾಡಿದ್ದು," ಎಂದುಬಿಟ್ಟರು.

"ಆಕಳಿಗೆ ಗೋಡಂಬಿನೂ ಹಾಕೀರೇನು?"

"ದಾನ ಅಂದ ಮ್ಯಾಲೆ ಕೈ ಹಿಡೀಬಾರದ್ರಿ."

ಬುಟ್ಟಿ ತುಂಬ ಉಪ್ಪಿಟ್ಟು ಗೋಡೆ ದಾಟಿತು. ಬರಿಗೈಯಾದ ಮಾಸ್ತರರು ಗುಳಿಗೆಯನ್ನಾದರೂ ನುಂಗೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಸಿದ್ದರಾಯರು ಗುಳಿಗೆ ಕಟ್ಟಲು ಹಿಟ್ಟು ಹಾಕಿರುತ್ತಾರೆ, ಯಾವ ಕಾಳಿನದೆಂದು ವಿಚಾರಿಸಿದ್ದೀರಾ ಎಂದರು. ಬಾಯಿ ಮುಚ್ಚಿತು.

ಇಬ್ಬರೂ ಕಾಸಿಂಸಾಬನ ಔಷಧದಂಗಡಿಗೆ ಹೋದರು. ಕಾಸಿಂಸಾಬ ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದ. ಹೊಟ್ಟೆಯಲ್ಲಿ ಗುಳಿಗೆ ಬೇಗ ಒಡೆಯಲೆಂದು ಸ್ಟಾರ್ಚ್ ಬೆರೆಸಿರುವುದು ನಿಜ. ಸಿದ್ದರಾಯರು ಅಲ್ಲಿಯೇ ತೀರ್ಪು ಕೊಟ್ಟರು: ಗೋವಿನಜೋಳದ್ದಾದರೆ ಅದು ಧಾನ್ಯ, ವ್ರತಭಂಗ, ಬಟಾಟಿಯದ್ದಾದರೆ ಫಲಾಹಾರ, ನಿರಾತಂಕ.

"ಮಾಸ್ತರ, ಸುಮ್ನ ನುಂಗ್ರಿ," ಎಂದ ಕಾಸಿಂಸಾಬ. "ರಂಜಾನ್‌ದಾಗ ನಾವು ಡಾಕ್ಟರ್‌ನ ಕೇಳಿ ಸಂಜೀಗೆ ಹೊತ್ತು ಬದಲ ಮಾಡ್ಕೋತೇವಿ. ಗುಳಿಗಿ ಬಿಡೂದಿಲ್ಲ."

"ನಮ್ಮ ಉಪವಾಸ ಸಂಜೀಗೆ ಮುಗಿಯೂದಿಲ್ಲೊ. ನಾಳೆ ಮುಂಜಾನೆ ಪಾರಣಿ."

ಕಾಸಿಂಸಾಬ ಮೊದಲ ಬಾರಿಗೆ ಮಾಸ್ತರರನ್ನು ಗೌರವದಿಂದ ನೋಡಿದ.

ಡಾಕ್ಟರರಿಗೆ ಫೋನ್ ಹಚ್ಚಿದರು. ಅವರು ಆಪರೇಷನ್‌ನಲ್ಲಿದ್ದರು. ಎತ್ತಿದ ಮುಬಿನ ಎಂಬ ಹುಡುಗಿ, ಈ ಗುಳಿಗೆ ಊಟದ ಮೊದಲೂ ನಡೆಯುತ್ತದೆ, ಆಮೇಲೂ ನಡೆಯುತ್ತದೆ ಎಂದು ಸರಿಯಾಗಿಯೇ ಹೇಳಿದಳು. ಗುಳಿಗೆಯೇ ಊಟವಾಗಿದ್ದರೆ ಎಂದು ಮಾಸ್ತರರು ಕೇಳಿದಾಗ ಫೋನ್ ಇಟ್ಟಳು. ಇಂದೂಬಾಯಿಗೆ ಕೇಳಿದರೆ ಎರಡು ನಿಮಿಷದ ಮಾತು. ಆದರೆ ಏಕಾದಶಿ ಮರೆತದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ತೂಬು ಮುಚ್ಚಿಕೊಳ್ಳುವುದೇ ವಾಸಿ ಎನ್ನಿಸಿತು.

ಹನ್ನೆರಡಕ್ಕೆ ಸಿದ್ದರಾಯರು ವಿಜ್ಞಾನದ ಮೊರೆ ಹೋದರು. ಮಾಸ್ತರರ ಗುಳಿಗೆ ಪಟ್ಟಿಯಿಂದ ಇನ್ನೊಂದನ್ನು ತೆಗೆದು ಅರೆದು, ಗಾಯಕ್ಕೆ ಹಚ್ಚುವ ಅಯೋಡಿನ್ ಸುರಿದರು. ಪುಡಿ ನೇರಳೆ ಹಣ್ಣಿನಂತೆ ಕಪ್ಪಾಯಿತು. ಸ್ಟಾರ್ಚ್ ಇರುವುದು ಖಾತ್ರಿಯಾಯಿತು, ಅದು ನೆಲದ ಮೇಲೆ ಬೆಳೆದದ್ದೋ ಒಳಗೆ ಬೆಳೆದದ್ದೋ ತಿಳಿಯಲಿಲ್ಲ. ಇನ್ನು ರುಚಿ ನೋಡಿಯೇ ಹೇಳಬೇಕು, ಆದರೆ ತಮಗೆ ಬಿ.ಪಿ. ಇಲ್ಲವಲ್ಲ ಎಂದು ಸಿದ್ದರಾಯರು ಕೈ ಒರೆಸಿಕೊಂಡರು.

ಉಳಿದದ್ದು ಕಂಪನಿ. ಚೀಟಿಯ ಮೇಲಿನ ನಂಬರಿಗೆ ಕಾಸಿಂಸಾಬ ಫೋನ್ ಮಾಡಿದ. ಅದು ನಾಲ್ಕು ಭಾಷೆಗಳಲ್ಲಿ ಕಾಯಲು ಹೇಳಿತು, ಕೊಳಲು ನುಡಿಸಿತು, ಕೊನೆಗೆ ಒಬ್ಬಾಕೆ ಸಿಕ್ಕಳು. ಗುಳಿಗೆಯಿಂದ ಏನು ತೊಂದರೆಯಾಗಿದೆ ಎಂದಳು. ಇನ್ನೂ ನುಂಗಿಲ್ಲ, ಅದೇ ತೊಂದರೆ ಎಂದರು ಮಾಸ್ತರರು. ಆಕೆ ಕಾರ್ಖಾನೆಯವರನ್ನು ಕೇಳಿ ತಿಳಿಸುವುದಾಗಿ ಹೇಳಿದಳು.

ಆಮೇಲೆ ಕಾಯುವುದೊಂದೇ ಕೆಲಸ. ಮೂರು ಗಂಟೆಗೆ ಎದೆಯ ಕೆಳಗೆ ಏನೋ ಗುಡುಗಿತು. ಮಾಸ್ತರರು ಬಿಳಿಚಿಕೊಂಡು ಅಂಗಡಿಯ ಬೆಂಚಿನ ಮೇಲೆ ಅಡ್ಡಾದರು. ಕಾಸಿಂಸಾಬ ಕಿವಿಗೊಟ್ಟು ಕೇಳಿ, ಅದು ಹೃದಯವಲ್ಲ, ಹಸಿವೆ ಎಂದ. ಬಿ.ಪಿ. ನೋಡಿದರೆ ಏರಿತ್ತು. ಸುತ್ತ ನೆರೆದ ಮಂದಿ ಗೋವಿನಜೋಳ, ಬಟಾಟಿ ಎಂದು ಎರಡು ಪಕ್ಷವಾಗಿ ಕೂಗಾಡುತ್ತಿದ್ದುದರಿಂದ ಆ ಅಂಕಿಯನ್ನು ಯಾರೂ ನಂಬಲಿಲ್ಲ.

ಏಳಕ್ಕೆ ಐದು ನಿಮಿಷವಿದ್ದಾಗ ಫೋನ್ ಬಂತು. ಕಾಸಿಂಸಾಬ ಕೇಳಿಸಿಕೊಂಡು, ಚುನಾವಣೆಯ ಫಲಿತಾಂಶ ಸಾರುವವನಂತೆ ನಿಂತು, "ಬಟಾಟಿ," ಎಂದ. ಮಂದಿ ಚಪ್ಪಾಳೆ ತಟ್ಟಿತು. ಮಾಸ್ತರರು ಕಣ್ಣು ಮುಚ್ಚಿ ಗುಳಿಗೆ ನುಂಗಿದರು. ತೂಬುಗಳೆಲ್ಲ ಒಂದೊಂದಾಗಿ ತೆರೆದುಕೊಂಡಂತಾಯಿತು.

ಬಸ್ಸಿಳಿದು ಬರುತ್ತಿದ್ದ ಇಂದೂಬಾಯಿ ಗುಂಪು ಕಂಡು ಗಾಬರಿಯಿಂದ ನುಗ್ಗಿದರು. ಸಿದ್ದರಾಯರು ಇಡೀ ದಿನದ ಸಾಹಸವನ್ನು ಅಯೋಡಿನ್ ಸಮೇತ ವರ್ಣಿಸಿದರು.

"ಔಷಧದಿಂದ ವ್ರತ ಕೆಡೂದಿಲ್ಲಂತ ಶಾಸ್ತ್ರದಾಗನ ಅದ," ಎಂದರು ಇಂದೂಬಾಯಿ ಗಂಡನ ಕಡೆ ತಿರುಗಿ. "ಅದೂ ಅಲ್ಲದ ಇವತ್ತಿಂದು ಸ್ಮಾರ್ತರ ಏಕಾದಶಿ. ನಸುಕಿನ್ಯಾಗ ಇನ್ನೂ ದಶಮಿ ಸೋಂಕಿತ್ತು, ವೈಷ್ಣವರಿಗೆ ಅದು ನಡಿಯೂದಿಲ್ಲ. ನಮ್ಮದು ನಾಳೆ."

ಗುಂಪು ಕರಗಿತು. ಸಿದ್ದರಾಯರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಆದರೆ ಮಾಸ್ತರರ ಮುಖ ದೀಪ ಹಚ್ಚಿದಂತೆ ಬೆಳಗಿತು. ಇವತ್ತು ಏಕಾದಶಿಯಲ್ಲ.

"ಹಂಗಾರ ನಡಿ ಮನಿಗೆ. ಮೊದಲು ಎರಡು ಭಕ್ರಿ ಬಡಿ."

"ಇವತ್ತ ನಮಗ ದಶಮಿ ಆತಲ್ರಿ. ದಶಮಿಗೆ ಒಂದ ಹೊತ್ತಿನ ಊಟ, ರಾತ್ರಿ ಇಲ್ಲ."

"ಆ ಒಂದು ಹೊತ್ತೂ ನಾ ಉಂಡಿಲ್ಲ, ಇಂದೂ."

ಇಂದೂಬಾಯಿ ಕಾಸಿಂಸಾಬನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು, ಗಂಡನನ್ನು ನೋಡಿದರು.

"ಈಗ ಬಟಾಟಿ ಅಂತ ನುಂಗಿದ್ರಲ್ಲ? ಆತು ಬಿಡ್ರಿ, ಅದೇ ನಿಮ್ಮ ಊಟ. ನಾಡಿದ್ದು ಮುಂಜಾನೆ ಬಡಿಸ್ತೇನಿ."