ನಾಡಿ ನಿಂತ ಡ್ರಿಲ್ಲುಗಳು

ಯಂತ್ರ ಬದುಕಿದೆಯೋ ಸತ್ತಿದೆಯೋ ಎಂದು ಮುಟ್ಟಿ ಹೇಳಬಲ್ಲವರು ಈ ಚೆನ್ನೈ ಮಹಾನಗರದಲ್ಲಿ ಒಬ್ಬರೇ ಇದ್ದಾರೆ. ವೇಲಚೇರಿಯಲ್ಲಿ, ಎರಡನೇ ಮಹಡಿಯಲ್ಲಿ ವಾಸ. ಹೆಸರು ಪದ್ಮನಾಭ. ನನ್ನ ಹೆಸರೂ ಅದೇ ಆಗಿರುವುದು ಕಾಕತಾಳೀಯವಲ್ಲ.

ಈ ವಿದ್ಯೆ ನನಗೆ ಸಿದ್ಧಿಸಿದ್ದು ಅಂಬತ್ತೂರಿನ ಕಾರ್ಖಾನೆಯಲ್ಲಿ. ನಾನಿದ್ದದ್ದು ಅಕೌಂಟ್ಸ್ ವಿಭಾಗವಾದರೂ ಗೋಡೆಯಾಚೆ ಲೇಥುಗಳಿದ್ದವು. ಅವುಗಳ ಕಂಪನ ಗೋಡೆಯಿಂದ ಕುರ್ಚಿಗೆ, ಕುರ್ಚಿಯಿಂದ ನನಗೆ ಏರಿ ಏರಿ, ನಿವೃತ್ತನಾಗುವ ಹೊತ್ತಿಗೆ ಯಂತ್ರಶಾಸ್ತ್ರವೆಲ್ಲ ನನ್ನ ಬೆನ್ನುಮೂಳೆಯಲ್ಲಿ ಶೇಖರವಾಗಿತ್ತು. (ಡಾಕ್ಟರು ಅದಕ್ಕೆ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಅವರವರ ಶಾಸ್ತ್ರ ಅವರವರಿಗೆ.)

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದೊಮ್ಮೆ ಒಂದು ಸಾಂಕ್ರಾಮಿಕ ಹಬ್ಬಿತು. ಆನ್‌ಲೈನ್ ಸೇಲ್ ಬಂದದ್ದೇ ತಡ, ಮದುವೆಯಾದ ಪ್ರತಿಯೊಬ್ಬ ಗಂಡಸೂ, ನನ್ನನ್ನೂ ಸೇರಿಸಿ, ಬ್ಯಾಟರಿಯಲ್ಲಿ ಓಡುವ ಡ್ರಿಲ್ ತರಿಸಿದ. ವೈರಿಲ್ಲ, ಪ್ಲಗ್ಗಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೊಳಗೆ ಗಸ್ತು ತಿರುಗಬಹುದು. ನೀರಿನ ಫಿಲ್ಟರಿಗೊಂದು, ದೇವರ ಪಟಕ್ಕೊಂದು ತೂತು ಹೊಡೆದು ಮುಗಿಯುವಷ್ಟರಲ್ಲಿ ಡ್ರಿಲ್ಲು ಏದುಸಿರು ಬಿಡುತ್ತಿತ್ತು. ಆಗ ಅದನ್ನು ಮಗುವಿನಂತೆ ಎತ್ತಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು.

ನಾನು ಕುರ್ಚಿಯಲ್ಲಿ ಕೂತು, ಡ್ರಿಲ್ಲಿನ ಕುತ್ತಿಗೆಗೆ ಒಂದು ಪಕ್ಕ ಹೆಬ್ಬೆರಳು, ಇನ್ನೊಂದು ಪಕ್ಕ ತೋರುಬೆರಳು ಒತ್ತಿ, ಕಣ್ಣು ಮುಚ್ಚಿ ನಾಡಿ ನೋಡುತ್ತಿದ್ದೆ. ಆಮೇಲೆ ಟ್ರಿಗರ್ ಒತ್ತುತ್ತಿದ್ದೆ. ನಿಶ್ಶಬ್ದ. ಕಣ್ಣು ತೆರೆದು, "ಹೋಗಿದೆ" ಅನ್ನುತ್ತಿದ್ದೆ. ಆ ಒಂದು ಮಾತಿನಲ್ಲಿ ಎಷ್ಟು ಕರುಣೆ ತುಂಬುತ್ತಿದ್ದೆನೆಂದರೆ, ಮೂರನೇ ಮಹಡಿಯ ಇಳಂಗೋವನ್ ಕಣ್ಣೊರೆಸಿಕೊಂಡೇ ಮೆಟ್ಟಿಲು ಹತ್ತಿದ್ದರು. ತುಮಕೂರಿನ ಹುಡುಗ ಶ್ರೀನಾಥ್ ಮಾತ್ರ, "ಅಂಕಲ್, ಮನೆಯಲ್ಲಿ ಸ್ವಲ್ಪ ಗುರ್ ಅಂದಿತ್ತು" ಎಂದು ವಾದಿಸಿದ. ಕೊನೆಯುಸಿರು ಹಾಗೇ ಇರುತ್ತದಪ್ಪ ಎಂದು ಸಮಾಧಾನ ಹೇಳಿ ಕಳಿಸಿದೆ.

ಹೆಣಗಳು ನಮ್ಮಲ್ಲೇ ಉಳಿದವು. ಕಸದ ಗಾಡಿಯವನು ಬ್ಯಾಟರಿ ಕಂಡೊಡನೆ ಕೈ ಆಡಿಸಿ, ಗಾಡಿಗೆ ಬೆಂಕಿ ಹತ್ತುತ್ತೆ, ವೇಣಾಂ ಸಾರ್ ಎಂದುಬಿಟ್ಟ. ಹಳೇ ಸಾಮಾನಿನವನು ಬೇಕಾದರೆ ನನ್ನನ್ನು ತೂಕಕ್ಕೆ ಹಾಕಿಕೊಳ್ಳುವಂತೆ ನೋಡಿದನೇ ಹೊರತು ಅವನ್ನು ಮುಟ್ಟಲಿಲ್ಲ. ಹೀಗೆ ನಮ್ಮ ಅಟ್ಟ ಡ್ರಿಲ್ಲುಗಳ ರುದ್ರಭೂಮಿಯಾಯಿತು.

ಅಟ್ಟ ಎಂದರೆ ನನ್ನ ಹೆಂಡತಿ ನಾಗರತ್ನಳ ಬೊಂಬೆಗಳ ಮನೆಯೂ ಹೌದು. ನವರಾತ್ರಿ ಹತ್ತಿರ ಬಂತು. ಪಟ್ಟದ ರಾಜ ರಾಣಿಯರನ್ನು ಇಳಿಸಲು ಏಣಿ ಹತ್ತಿದವಳು ಹಾಗೇ ಇಳಿದು ಬಂದಳು. ರಾಣಿಯ ತಲೆಯ ಮೇಲೆ ಯಾರದೋ ಡ್ರಿಲ್ಲು ಕೂತಿದೆಯಂತೆ, ಬೊಂಬೆ ಶೆಟ್ಟರ ಅಂಗಡಿಯ ಮೇಲೆ ಇನ್ನೆರಡಂತೆ. ಭಾನುವಾರ ಅಸೋಸಿಯೇಷನ್ನಿನವರು ಎಲೆಕ್ಟ್ರಾನಿಕ್ ಕಸದ ವ್ಯಾನು ಕರೆಸುತ್ತಿದ್ದಾರೆ, ಎಲ್ಲ ಅದಕ್ಕೆ ಹತ್ತಬೇಕು ಎಂದಳು.

ಇಲ್ಲಿ ನಾಗರತ್ನಳ ವಿಷಯ ಒಂದು ಮಾತು. ಮದ್ದೂರಿನ ಹೆಣ್ಣು. ಟಿ. ನಗರದ ಸೀರೆ ಅಂಗಡಿಯವರು ಇವಳು ಚೌಕಾಸಿಗೆ ಮೆಟ್ರೋ ಇಳಿದಳೆಂಬ ಸುದ್ದಿ ಬಂದರೆ ಫ್ಯಾನಿನ ಕೆಳಗೆ ಹೋಗಿ ಕೂರುತ್ತಾರೆ. ನೆರೆ ಬಂದ ವರ್ಷ ವೇಲಚೇರಿಯೆಲ್ಲ ನೀರಿನಲ್ಲಿ ನಿಂತಾಗ, ಒಂದು ಸ್ಟೌವಿನಲ್ಲಿ ಇಡೀ ಬ್ಲಾಕಿಗೆ ಬಿಸಿಬೇಳೆಬಾತ್ ಬೇಯಿಸಿ, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮಹಡಿ ಮಹಡಿಗೆ ಮುಟ್ಟಿಸಿದವಳು. ರಕ್ಷಣೆಗೆ ಬಂದ ದೋಣಿಯವರು ಊಟ ಮುಗಿಸಿಕೊಂಡೇ ಹೊರಟರು. ಅವಳೊಡನೆ ವಾದಿಸಿ ಗೆದ್ದವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಆ ದಿನ ನಾನು ಗೆದ್ದೆ.

"ಆಯುಧಪೂಜೆ ಎದುರಿಗಿಟ್ಟುಕೊಂಡು ಆಯುಧಾನ ಆಚೆ ಹಾಕ್ತೀಯಾ?" ಎಂದೆ. "ನಿಮ್ಮಮ್ಮ ಮುರಿದ ಕುಡುಗೋಲಿಗೂ ಕುಂಕುಮ ಇಡ್ತಿದ್ದರು."

ನಾಗರತ್ನ ಹೌದೆಂಬಂತೆ ತಲೆಯಾಡಿಸಿದಳು. ನಮ್ಮ ಗೋಡೆ ಗಡಿಯಾರವೂ ಆಶ್ಚರ್ಯದಿಂದ ಒಂದು ಕ್ಷಣ ನಿಂತಿರಬೇಕು.

"ಸರಿ," ಎಂದಳು. "ಇರಲಿ. ಆದರೆ ನಮ್ಮನೇಲಿ ಯಾರೂ ಸುಮ್ಮನೆ ಕೂತು ತಿನ್ನೋ ಹಾಗಿಲ್ಲ. ನಿಮ್ಮನ್ನೊಬ್ಬರನ್ನ ಬಿಟ್ಟು."

ಡ್ರಿಲ್ಲುಗಳನ್ನೆಲ್ಲ ಇಳಿಸಿ, ಒದ್ದೆ ಬಟ್ಟೆ ಹಿಂಡಿ ಒರೆಸಿದಳು. ಹೊಟ್ಟೆ ಉಬ್ಬಿದ ಬ್ಯಾಟರಿಗಳನ್ನು ಬೇರೆ ಮಾಡಿ, ಮರಳು ತುಂಬಿದ ಬಕೆಟ್ಟಿನಲ್ಲಿ ಹೂತು, ಭಾನುವಾರ ತಾನೇ ಹೊತ್ತು ವ್ಯಾನಿಗೆ ಕೊಟ್ಟು ಬಂದಳು. ಉಳಿದವನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಗಲ್ಲಕ್ಕೆ ಕೈಯಿಟ್ಟು ನೋಡುತ್ತಾ ಕೂತಳು. ಆ ಡ್ರಿಲ್ಲುಗಳನ್ನು ಇಷ್ಟು ಕಾಲ ನಾನೂ ನೋಡಿದ್ದೇನೆ. ನನಗೆ ಕಂಡದ್ದು ಡ್ರಿಲ್ಲು. ಅವಳಿಗೆ ಕಂಡದ್ದೇ ಬೇರೆ. ಕೆಳಗೆ ಅಗಲವಾದ ಬ್ಯಾಟರಿಯ ಪಾದ, ಅದರ ಮೇಲೆ ನೀಳ ಕುತ್ತಿಗೆ, ಮೇಲೆ ತಲೆ, ಮುಂದಕ್ಕೆ ಚಾಚಿದ ಕೊಕ್ಕು. ಅವಳ ಮೇಜಿನ ಮೇಲೆ ಹಕ್ಕಿಗಳು ನಿಂತಿದ್ದವು.

ಮುಂದಿನದನ್ನು ವರ್ಣಿಸಲು ನನ್ನ ಕನ್ನಡ ಸಾಲದು. ಬಿಳಿ ಹತ್ತಿಯ ಗರಿ, ಗುಲಾಬಿ ಬ್ಲೌಸ್ ಪೀಸಿನ ರೆಕ್ಕೆ, ಅಡುಗೆಮನೆಯ ಹಳದಿ ಚಮಚ ಕತ್ತರಿಸಿ ಅಂಟಿಸಿದ ಉದ್ದ ಕೊಕ್ಕು. ಸ್ಟೀಲ್ ತಟ್ಟೆಗಳಲ್ಲಿ ನೀರು, ರಾಗಿ ಪೈರಿನ ಹಸಿರು ದಡ. ಬ್ಯಾಟರಿ ಕಳೆದುಕೊಂಡು ನಿಲ್ಲಲಾರದವು ತೆಂಗಿನ ನಾರಿನ ಗೂಡಿನಲ್ಲಿ ಕಾವು ಕೂತಿದ್ದವು. ಪಟ್ಟದ ಬೊಂಬೆಗಳ ಕಾಲ ಬುಡದಲ್ಲಿ ಇಡೀ ಕೊಕ್ಕರೆ ಬೆಳ್ಳೂರೇ ಇಳಿದಿತ್ತು. ಅವಳ ತವರಿನ ಪಕ್ಕದ ಊರು. ನೋಡಲು ಬಂದ ತಮಿಳು ಮಾಮಿಯರು, ಅಯ್ಯೋ ನಮ್ಮ ಪಳ್ಳಿಕರಣೈ ಜೌಗು ಹಾಗೇ ಇದೆ ಎಂದು ಕೆನ್ನೆಗೆ ಕೈಯಿಟ್ಟರು. ಇವಳು ತಿದ್ದಲಿಲ್ಲ. ಹಕ್ಕಿಗೆ ಯಾವ ಊರಾದರೇನು ಎಂದು ಸುಂಡಲ್ (ನಮ್ಮ ಕಡಲೆ ಉಸಲಿಯೇ) ಕೊಟ್ಟಳು. ಜನರ ಸಾಲು ನಮ್ಮ ಬಾಗಿಲಿಂದ ಹೊರಟು ವೇಲಚೇರಿಯ ವಿಜಯನಗರ ಬಸ್ ಸ್ಟ್ಯಾಂಡ್ ಮುಟ್ಟಿತು. ತಾಂಬರಂ ಬಸ್ಸಿಗೆ ಕಾಯುತ್ತಿದ್ದವರು ಗೊತ್ತಿಲ್ಲದೆ ಸಾಲಿನಲ್ಲಿ ನಿಂತು, ನಮ್ಮ ಮನೆಗೆ ಬಂದು, ಕುಂಕುಮ ತೆಗೆದುಕೊಂಡು ಹೋದರು.

ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಬ್ಲಾಕಿನವರೆಲ್ಲ ಬಂದರು. ಹೆಂಗಸರು ಮುಂದೆ, ಗಂಡಸರು ಸುಂಡಲ್ ಹಿಡಿದು ಹಿಂದೆ. ಎಲ್ಲರೂ ನಾಗರತ್ನಳನ್ನೇ ಹೊಗಳುತ್ತಿದ್ದರು. ನನಗೂ ಹೆಮ್ಮೆಯೇ. ಆದರೆ ಕಚ್ಚಾ ಸಾಮಗ್ರಿ ಒದಗಿಸಿದವನ ಹೆಸರು ಯಾರೂ ಎತ್ತದಿದ್ದಾಗ, ಜರಿ ಶಲ್ಯ ಹೊದ್ದು ಮುಂದೆ ಬಂದು ನಿಂತೆ.

ಇಳಂಗೋವನ್ ಒಂದು ಹೆಜ್ಜಾರ್ಲೆ ಹಕ್ಕಿಯ ಬೆನ್ನು ಸವರುತ್ತಿದ್ದರು. "ಸಾರ್, ಇದು ಎನ್ನೋಡದು ದಾನೇ?" ಅಂದರು. (ತಮ್ಮದೇ ಅಲ್ಲವೇ ಅಂತ.)

ಹೌದು, ನಿಮ್ಮದೇ, ಈಗ ಹಕ್ಕಿಯ ಜನ್ಮ ಎತ್ತಿದೆ ಎಂದೆ. ಶ್ರೀನಾಥ್ ಮಾತ್ರ ಅನುಮಾನದ ಪ್ರಾಣಿ. ನಿಜವಾಗಿ ಹೋಗಿತ್ತಾ ಅಂಕಲ್ ಎಂದು ಎಲ್ಲರೆದುರು ಕೇಳಿಬಿಟ್ಟ. ಇಡೀ ಬ್ಲಾಕು ನನ್ನ ಮುಖ ನೋಡಿತು. ನನ್ನ ಬೆರಳ ಮೇಲಿನ ನಂಬಿಕೆ, ಇಷ್ಟು ವರ್ಷ ಕಟ್ಟಿದ ಹೆಸರು, ಲಿಫ್ಟಿನಲ್ಲಿ ಸಿಗುತ್ತಿದ್ದ ನಮಸ್ಕಾರ, ಎಲ್ಲ ಆ ಹೆಜ್ಜಾರ್ಲೆಯ ಕೊಕ್ಕಿನ ತುದಿಯಲ್ಲಿ ತೂಗುತ್ತಿತ್ತು.

"ಇದು ಉಸಿರಾಡಿದರೆ," ಎಂದೆ, "ಈ ಜನ್ಮದಲ್ಲಿ ನಾನು ಸ್ಕ್ರೂಡ್ರೈವರ್ ಕೂಡ ಮುಟ್ಟಲ್ಲ."

ನಾಗರತ್ನ ಕುಂಕುಮದ ಬಟ್ಟಲು ಕೆಳಗಿಟ್ಟು, "ಬೇಡ ರೀ, ಬಿಡಿ" ಎಂದು ಮೆಲ್ಲಗೆ ಹೇಳಿದಳು. ಹೆಂಡತಿಗೆ ನನ್ನ ಮಾನದ ಚಿಂತೆ ಎಂದುಕೊಂಡು ಇನ್ನಷ್ಟು ಉಬ್ಬಿದೆ. ಒಂದು ಕೈಯಲ್ಲಿ ಶಲ್ಯ ಸರಿಮಾಡುತ್ತಾ ಇನ್ನೊಂದರಲ್ಲಿ ಹಕ್ಕಿಯನ್ನೆತ್ತಿದೆ. ನಾಡಿ ನೋಡುವ ಗೊಡವೆಗೇ ಹೋಗಲಿಲ್ಲ. ಸುಮ್ಮನೆ ಟ್ರಿಗರ್ ಒತ್ತಿದೆ.

ಹಕ್ಕಿ ಕಿರುಚಿತು. ಹಳದಿ ಕೊಕ್ಕು ಚಕ್ರವಾಗಿ ತಿರುಗಿ ಹಾರಿತು. ಹತ್ತಿಯ ಗರಿ ಕೋಣೆಯ ತುಂಬ ಹಿಮದಂತೆ ಸುರಿಯಿತು. ಚೆನ್ನೈ ಹುಟ್ಟಿದಂದಿನಿಂದ ಕಂಡ ಮೊದಲ ಹಿಮಪಾತ ಅದೇ. ಶಲ್ಯದ ಜರಿ ಅಂಚು ಡ್ರಿಲ್ಲಿನ ಮೂತಿಗೆ ಸುತ್ತಿ ಸುತ್ತಿ ನನ್ನನ್ನು ಎಳೆದುಕೊಂಡು, ನಾನೂ ಹೆಜ್ಜಾರ್ಲೆಯೂ ಮೂಗಿಗೆ ಮೂಗು ಹಚ್ಚಿ ನಿಂತೆವು. ಬೆರಳು ತೆಗೆಯಬೇಕೆಂಬುದು ನನಗೆ ಹೊಳೆಯಲಿಲ್ಲ. ನಾಗರತ್ನ ಬಂದು ತೆಗೆದಳು.

ಆಮೇಲೆ ಅವಳು ಕೇಳಿದವರಿಗಷ್ಟೇ, ಮೆಲ್ಲಗೆ ವಿವರಿಸಿದಳು. ಟ್ರಿಗರಿನ ಮೇಲೆ ಅಡ್ಡಕ್ಕೆ ಒಂದು ಪುಟ್ಟ ಬಟನ್ ಇದೆ. ಈ ಕಡೆಯಿಂದ ಒತ್ತಿದರೆ ಮುಂದಕ್ಕೆ ತಿರುಗುತ್ತೆ, ಆ ಕಡೆಯಿಂದ ಒತ್ತಿದರೆ ಹಿಂದಕ್ಕೆ. ನಡುವೆ ನಿಂತರೆ ಬೀಗ, ಟ್ರಿಗರ್ ಅಲ್ಲಾಡಲ್ಲ. ಬಂದ ಡ್ರಿಲ್ಲುಗಳಿಗೆ ಬರೀ ಚಾರ್ಜ್ ಇಳಿದಿತ್ತು. ನಮ್ಮನೆಯವರು ಎರಡೂ ಕಡೆಯಿಂದ ಬೆರಳೊತ್ತಿ ನಾಡಿ ನೋಡೋರಲ್ವಾ, ಬಟನ್ ಸರಿಯಾಗಿ ನಡುವೆ ಬಂದು ನಿಂತುಬಿಡ್ತಿತ್ತು. ಒರೆಸುವಾಗ ಒಂದರ ಬಟನ್ ಟಿಕ್ ಅಂತ ಪಕ್ಕಕ್ಕೆ ಸರೀತು, ಆಗ ಗೊತ್ತಾಯ್ತು, ಆಮೇಲೆ ಚಾರ್ಜಿಗೆ ಹಾಕಿದೆ.

ಅಂದರೆ ಅಷ್ಟು ಜೀವಗಳನ್ನು ಕತ್ತು ಹಿಸುಕಿ, ಆಮೇಲೆ ಸಂತಾಪ ಸೂಚಿಸಿದವನು ನಾನೇ. ನಮ್ಮ ಬ್ಲಾಕಿನವರು ಸಭ್ಯರು, ಯಾರೂ ನಗಲಿಲ್ಲ. ಶ್ರೀನಾಥ್ ಮಾತ್ರ ಸುಂಡಲ್ ಗಂಟಲಿಗೆ ಸಿಕ್ಕಿಕೊಂಡಿತೆಂದು ಆಚೆ ಓಡಿದ.

ಹೊರಟ ಪ್ರತಿ ಹೆಂಗಸಿಗೂ ನಾಗರತ್ನ ಎಲೆ ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸಿನ ಜೊತೆ ಅವರವರ ಡ್ರಿಲ್ಲು ಇಟ್ಟು ತಾಂಬೂಲ ಕೊಟ್ಟಳು. ನಾಳೆ ಪೂಜೆ, ಅವರವರ ಆಯುಧ ಅವರವರ ಮನೆಯಲ್ಲಿರಲಿ ಎಂದಳು. ವಿಜಯದಶಮಿಗೆ ಮುಂಚೆ ಅಲಂಕಾರ ಕದಲಿಸಬಹುದೇ ಎಂದು ಒಬ್ಬ ಮಾಮಿ ಅಳುಕಿದರೆ, ವಲಸೆ ಹಕ್ಕಿ ತಾನೇ ಮಾಮಿ, ಹಾರಿ ಹೋಗಲಿ ಎಂದಳು. ಇಳಂಗೋವನ್ ತಮ್ಮದನ್ನು ಗರಿಯ ಸಮೇತ ಎದೆಗವಚಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅವಳು ನಮ್ಮ ಡ್ರಿಲ್ಲಿಗೆ, ಮಿಕ್ಸಿಗೆ, ಸ್ಕೂಟರಿಗೆ ಕುಂಕುಮವಿಟ್ಟು ಹೂ ಮುಡಿಸುತ್ತಿದ್ದಳು. ನಾನು ಎರಡೂ ಕೈ ಮಡಿಲಲ್ಲಿಟ್ಟು ಸೋಫಾದಲ್ಲಿ ಕೂತಿದ್ದೆ. ಸ್ಕ್ರೂಡ್ರೈವರ್ ಕೂಡ ಮುಟ್ಟಲ್ಲ ಅಂದಾಗಿತ್ತಲ್ಲ.

"ಅಲ್ಲ ಕಣೇ," ಎಂದೆ ಕೊನೆಗೆ, "ಇನ್ನು ಈ ಕೈಯಿಂದ ಏನೂ ಪ್ರಯೋಜನ ಇಲ್ಲ ಅಂತೀಯಾ?"

"ಛೆ, ಹಾಗ್ಯಾಕೆ ಅಂತೀನಿ," ಎನ್ನುತ್ತಾ ಒಳಗೆ ಹೋದಳು. ಮನಸ್ಸು ತಂಪಾಯಿತು. ನಲವತ್ತು ವರ್ಷದ ಸಂಸಾರ ಎಂದರೆ ಸುಮ್ಮನೆಯೇ ಎಂದುಕೊಂಡೆ. ಸಂಜೆಯ ಸುಂಡಲ್ಲಿಗೆ ಒಡೆದಿಟ್ಟ ತೆಂಗಿನಕಾಯಿಯ ಬುಟ್ಟಿಯನ್ನೂ ತುರಿಯುವ ಮಣೆಯನ್ನೂ ತಂದು ನನ್ನ ಮುಂದಿಟ್ಟಳು.

"ಇದಕ್ಕೆ ಬಟನ್ ಇಲ್ಲ," ಎಂದಳು. "ಧೈರ್ಯವಾಗಿ ಹಿಡ್ಕೊಳ್ಳಿ."