ಒಂಬತ್ತನೇ ಬಾವಿಯ ನೀರು

ಗುರುತಿಲ್ಲದವರ ಮನೆ ಹಿತ್ತಲಿಗೆ ಹೋಗುವುದೆಂದರೆ ನನಗೆ ಮೊದಲಿಂದಲೂ ಸಂಕೋಚ. ಪ್ರಯೋಗಾಲಯದಲ್ಲಿ ಈ ಸ್ವಭಾವದಿಂದ ತೊಂದರೆಯಿಲ್ಲ. ಯಾರ ಮಗಳು, ಯಾವ ಊರು, ಮದುವೆ ಯಾವಾಗ ಎಂದು ಪ್ರನಾಳಗಳು ಕೇಳುವುದಿಲ್ಲ. ಅದಕ್ಕೇ ನಾನು ವಿಜ್ಞಾನ ತೆಗೆದುಕೊಂಡದ್ದು ಎಂದು ಅಮ್ಮ ಹೇಳುವುದುಂಟು. ತೀರಾ ಸುಳ್ಳೇನಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಚಿಕ್ಕಮಗಳೂರಿನಲ್ಲಿ ಓದುತ್ತಿದ್ದಾಗ, ನಮ್ಮ ತಂಡವೂ ಮೂಡಿಗೆರೆಯ ಒಂದು ವಿದ್ಯಾರ್ಥಿ ತಂಡವೂ ಸೇರಿ ಕೊಟ್ಟಿಗೆಹಾರದ ಸುತ್ತಿನ ಬಾವಿಗಳ ನೀರು ಪರೀಕ್ಷಿಸಿದೆವು. ಪ್ರತಿ ಬಾವಿಯಿಂದ ನಾವು ಬೆಳಗ್ಗೆ, ಅವರು ಮಧ್ಯಾಹ್ನ ನೀರು ತಂದು, ಅವರವರ ಲ್ಯಾಬಿನಲ್ಲಿ ನೋಡಿ, ಕೊನೆಗೆ ತಾಳೆ ಹಾಕುವುದೆಂದು ಒಪ್ಪಂದ. ಪ್ರನಾಳದಲ್ಲಿ ಗುಳ್ಳೆ ಕಂಡರೆ ನೀರು ಕೆಟ್ಟಿದೆಯೆಂದು ಲೆಕ್ಕ. ನನ್ನ ಜೊತೆಗಾರ್ತಿಯರು ತಂದ ಎಂಟು ಬಾವಿಗಳ ಉತ್ತರ ಎರಡೂ ಕಡೆ ಒಂದೇ ಬಂತು. ಒಂಬತ್ತನೆಯದು ರತ್ನಕ್ಕ ಎಂಬವರ ಮನೆಯದು. ಅಲ್ಲಿಗೆ ನಾನೇ ಹೋಗಿದ್ದೆ. ಹಿತ್ತಲಿಗೆ ಹೋಗದೆ ಬಾಗಿಲಲ್ಲೇ ನಿಂತು, "ನಿಮ್ಮ ಬಾವಿ ನೀರು ಬೇಕಿತ್ತು" ಎಂದು ಬಾಟಲಿ ಕೊಟ್ಟಿದ್ದೆ. ಮೂಡಿಗೆರೆಯವರ ಪ್ರನಾಳಗಳ ತುಂಬ ಗುಳ್ಳೆ, ನನ್ನದರಲ್ಲಿ ಒಂದೂ ಇಲ್ಲ.

ತಪ್ಪು ನನ್ನದಿರಬಹುದೆಂದು ನನಗೆ ಹೊಳೆಯಲಿಲ್ಲ. ಬಾಟಲಿ ಸರಿಯಾಗಿ ಶುದ್ಧಿ ಮಾಡದಿದ್ದರೆ ಹೀಗಾಗುತ್ತದೆ, ನಿಮ್ಮ ಫಲಿತಾಂಶವನ್ನು ವರದಿಯಿಂದ ಕೈಬಿಡುವುದು ಒಳ್ಳೆಯದು ಎಂದು ಬಹಳ ಮರ್ಯಾದೆಯ ಭಾಷೆಯಲ್ಲಿ ಪತ್ರ ಬರೆದೆ. ನನ್ನ ನೀರಿನ ನಸುಹಳದಿ ಬಣ್ಣಕ್ಕೆ ಬಾವಿಗೆ ಬಿದ್ದ ಎಲೆಗಳೇ ಕಾರಣವೆಂದು ಅರ್ಧ ಪುಟದ ಟಿಪ್ಪಣಿಯನ್ನೂ ಸೇರಿಸಿದೆ. ಆ ತಂಡದ ಮುಖ್ಯಸ್ಥೆ ಸುಮಿತ್ರ ಫೋನ್ ಮಾಡಿದಳು. "ನಮ್ಮ ಹುಡುಗೀರು ವಾರದಿಂದ ಮುಖ ಸಣ್ಣ ಮಾಡ್ಕೊಂಡು ಬಾಟ್ಲಿ ತೊಳೀತಿದಾರೆ ಮಾರಾಯ್ರೆ. ಕೈಬಿಡೋದಾದ್ರೆ ಬಿಡುವ, ಮೊದ್ಲು ಒಟ್ಟಿಗೆ ಹೋಗಿ ಬರುವ."

ಹೋದೆವು. ರತ್ನಕ್ಕ ನನ್ನ ಗುರುತು ಹಿಡಿದು, "ಓ, ಒಳಗೆ ಬಾರದ ಹುಡುಗಿ! ಕೊಡಿ ಬಾಟ್ಲಿ" ಎಂದು ಅಡುಗೆಮನೆಗೆ ನಡೆದರು. ಹಿಂದೆಯೇ ಹೋದ ಸುಮಿತ್ರ ಕೇಳಿದಳು, "ಅಕ್ಕಾ, ಇದೇನು ಪಾತ್ರೆಯಿಂದ ಹಾಕ್ತಿದೀರಿ?"

"ಮತ್ತೆ? ಪೇಟೆಯಿಂದ ಬಂದವ್ರಿಗೆ ಹಸಿ ನೀರು ಕೊಡೋದಾ? ಜೀರಿಗೆ ಹಾಕಿ ಕುದ್ಸಿ ಆರ್ಸಿದ್ದು. ಅವತ್ತೂ ಇದನ್ನೇ ಕೊಟ್ಟಿದ್ದು. ನಿಮ್ಮ ಹುಡುಗೀರು ಬಿಡಿ, ನನ್ನ ಕೇಳ್ದೇನೇ ಬಾವಿಗೆ ಕೊಡಪಾನ ಇಳ್ಸಿದ್ರು."

ಸುಮಿತ್ರ ನನ್ನತ್ತ ತಿರುಗಿದಳು. "ಎಲೆಗೆ ಅರ್ಧ ಪುಟ ಬರ್ದಿದ್ರಿ. ಜೀರಿಗೆಗೆ ಎಷ್ಟು ಬರೀತೀರಿ?"

ಆ ದಿನ ನಾನೇ ನೀರು ಸೇದಿದೆ. ಎರಡು ದಿನದಲ್ಲಿ ನನ್ನ ಪ್ರನಾಳಗಳಲ್ಲೂ ಗುಳ್ಳೆ. ತಪ್ಪು ನನ್ನದೆಂದು ವರದಿಯಲ್ಲಿ ಬರೆದು ಸಹಿ ಹಾಕಿದೆ. ಮೂಡಿಗೆರೆಯ ಹುಡುಗಿಯರ ಹತ್ತಿರ ಹೋಗಿ ಕ್ಷಮೆಯನ್ನೂ ಕೇಳಿದೆ. ಇನ್ನು ರತ್ನಕ್ಕನವರಿಗೆ ಬಾವಿಯ ಸುದ್ದಿ ತಿಳಿಸಬೇಕಿತ್ತು. ಅವರಿಗೆ ಬೇಜಾರಾಗದಂತೆ ಹೇಳುವ ಬಗೆಯನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ.

ಕೇಳಿಸಿಕೊಂಡು ಅವರು ಕಾಫಿ ಲೋಟ ಮುಂದಿಟ್ಟರು. "ಅದು ಹಾಳು ನೀರು ಅಂತ ನಮಗೆ ಗೊತ್ತುಂಟಲ್ಲ, ಅದಕ್ಕೇ ಕುದ್ಸೋದು. ಇಷ್ಟಕ್ಕೆ ಮೂರು ಸಲ ಬಸ್ ಹತ್ತಿ ಬಂದ್ರಾ? ಅವತ್ತೇ ಕೇಳಿದ್ರೆ ಹೇಳ್ತಿದ್ದೆ."

ಕೇಳುವುದು ನಮ್ಮ ಪರೀಕ್ಷಾ ವಿಧಾನದಲ್ಲಿ ಇರಲಿಲ್ಲ ಎಂದು ವಿವರಿಸಲು ಹೊರಟವಳು, ಆ ಮಾತನ್ನು ಕಾಫಿಯ ಜೊತೆಗೇ ನುಂಗಿಕೊಂಡೆ.