ಕೆರೆಗೆ ನೇಮಕವಾದ ಮೀನು

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಎರಡನೆಯ ಸೋಮವಾರ, ನಗರದ ದೊಡ್ಡ ಕೆರೆ ಸತ್ತುಹೋಗಿದೆ ಎಂದು ಜಲ ಪರೀಕ್ಷಣಾ ಕಚೇರಿಗೆ ಅಧಿಕೃತವಾಗಿ ತಿಳಿದುಬಂತು. ಕೆರೆ ಬಹಳ ವರ್ಷಗಳಿಂದ ನಾರುತ್ತಿತ್ತು. ಆದರೆ ನಾತವನ್ನು ಕಡತಕ್ಕೆ ಲಗತ್ತಿಸಲು ಬರುವುದಿಲ್ಲ.

ಅಲ್ಲಿಯವರೆಗೆ ಕಚೇರಿಯವರು ಕೆರೆನೀರಿನಲ್ಲಿ ಮೀನಿನ ಡಿಎನ್‌ಎ ಹುಡುಕುತ್ತಿದ್ದರು. ಡಿಎನ್‌ಎ ಗಟ್ಟಿ ಪದಾರ್ಥ. ಮೀನು ಸತ್ತ ಮೇಲೂ ಕೆಸರಿನಲ್ಲಿ ಉಳಿದಿರುತ್ತದೆ. ಹೀಗಾಗಿ ಮೀನುಗಳು ಸತ್ತಷ್ಟೂ ವರದಿ ಚೆನ್ನಾಗಿ ಬರುತ್ತಿತ್ತು. ಅವು ರಾಶಿರಾಶಿಯಾಗಿ ತೇಲಿದ ವರ್ಷ ಕೆರೆಗೆ ‘ಅತ್ಯುತ್ತಮ’ ದರ್ಜೆ ಸಿಕ್ಕಿ, ನಿರ್ದೇಶಕರು ಒಂದು ಫಲಕ ಪಡೆದಿದ್ದರು.

ಹೊಸದಾಗಿ ಸೇರಿದ ಕಿರಿಯ ವಿಜ್ಞಾನಿ ಆರ್‌ಎನ್‌ಎ ಪರೀಕ್ಷೆ ಶುರುಮಾಡಿದಳು. ಜೀವಕೋಶವು ಆಗಾಗಿನ ಕೆಲಸಕ್ಕೆ ಬರೆದು ಕಳಿಸುವ ಚೀಟಿಯೇ ಆರ್‌ಎನ್‌ಎ. ನೀರಿಗೆ ಬಿದ್ದ ಚೀಟಿ ಬೇಗನೆ ಚೂರಾಗುತ್ತದೆ. ಅದು ಸಿಕ್ಕಿದರೆ ಮೀನು ಈಚೆಗಷ್ಟೇ ಅಲ್ಲಿ ಜೀವಂತ ಇತ್ತು ಎಂದರ್ಥ. ಅದು ಸಿಗಲಿಲ್ಲ.

“ಏನಮ್ಮಾ, ಒಂದೂ ಇಲ್ವಾ?” ಎಂದರು ನಿರ್ದೇಶಕರು.

“ಇಲ್ಲ ಸಾರ್.”

“ಸರಿಯಾಗಿ ನೋಡಿದ್ಯಾ?”

“ಮೂರು ಸಲ ನೋಡ್ದೆ ಸಾರ್. ಮೂರು ಸಲಾನೂ ಸತ್ತೇ ಇತ್ತು.”

ಶುಕ್ರವಾರದೊಳಗೆ ಕೆರೆ ಬದುಕಿದೆಯೆಂಬ ಪ್ರಮಾಣಪತ್ರ ಮೇಲಕ್ಕೆ ಹೋಗಬೇಕಿತ್ತು. ನಿರ್ದೇಶಕರು ಯೋಚನೆಯಲ್ಲಿ ಮುಳುಗಿದರು. ಆಗ ಅವರ ಕಣ್ಣು ಮೇಜಿನ ಮೇಲಿದ್ದ ಗಾಜಿನ ಬೋಗುಣಿಯ ಮೇಲೆ ಬಿತ್ತು. ಅದರಲ್ಲಿ ಕೆಂಚ ಎಂಬ ಕೆಂಬಣ್ಣದ ಮೀನು ಸುತ್ತು ಹಾಕುತ್ತಿತ್ತು.

ಕೆಂಚ ನಿರ್ದೇಶಕರ ಅತ್ತೆಯ ಮೀನು. ಮನೆಗೆ ಸುಣ್ಣಬಣ್ಣ ಆಗುವವರೆಗೆ, ವಾಸನೆ ಅದಕ್ಕೆ ಆಗದೆಂದು, ಆಕೆ ಅದನ್ನು ಅಳಿಯನ ಕಚೇರಿಯಲ್ಲಿ ಬಿಟ್ಟಿದ್ದರು. ಆಕೆ ಸರ್ಕಾರಿ ನೌಕರರ ಸಂಘದ ನಿವೃತ್ತ ಕಾರ್ಯದರ್ಶಿ. ಒಂದು ಕಾಲದಲ್ಲಿ ಆಕೆ ಎದ್ದು ನಿಂತರೆ ಕಚೇರಿಗಳು ಕೂತುಬಿಡುತ್ತಿದ್ದವು. ಬೋಗುಣಿ ಕೊಡುವಾಗ, “ಅಳಿಯಂದ್ರೇ, ಇವನಿಗೆ ಏನಾದ್ರೂ ಆದ್ರೆ ಮಗಳ ಮುಖ ನೋಡಿಯೂ ನಿಮ್ಮನ್ನ ಬಿಡಲ್ಲ” ಎಂದಿದ್ದರು.

“ಯಾವ ಮೀನು ಅಂತ ನಿಯಮದಲ್ಲಿ ಇದೆಯೇನಮ್ಮಾ?” ಎಂದು ನಿರ್ದೇಶಕರು ಕೇಳಿದರು.

“ಇಲ್ಲ ಸಾರ್. ‘ಕೆರೆನೀರಿನಲ್ಲಿರುವ ಜೀವಂತ ಮೀನು’ ಅಂತ ಮಾತ್ರ ಇದೆ.”

“ಎಷ್ಟು ಹೊತ್ತು ಇರ್ಬೇಕು ಅಂತ?”

“ಅದೂ ಇಲ್ಲ... ಸಾರ್, ಬೇಡ ಸಾರ್. ಸತ್ತುಹೋಗತ್ತೆ.”

“ಕಾಲು ಗಂಟೆ ಅಷ್ಟೇ. ಸಾಯೋದಕ್ಕೂ ಸಮಯ ಬೇಕಲ್ಲ.”

ಜವಾನ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೆರೆಗೆ ಹೋದ. ಬಲೆಯ ಚೀಲದಲ್ಲಿ ಕೆಂಚನನ್ನು ನೀರಿಗಿಳಿಸಿದ. ಕೆಂಚ ಒಮ್ಮೆ ಆ ಕಡೆ ಈ ಕಡೆ ನೋಡಿ ಬಾಯಿ ಮುಚ್ಚಿಕೊಂಡ. ಪಕ್ಕದಲ್ಲೇ ನೀರಿನ ಮಾದರಿ ತೆಗೆಯಲಾಯಿತು. ಸಂಜೆ ಪ್ರಕಟಣೆ ಹೊರಬಿತ್ತು: “ಕಚೇರಿಯ ಅವಿರತ ಶ್ರಮದಿಂದ ಕೆರೆಯು ಮರುಜೀವ ಪಡೆದಿರುತ್ತದೆ. ಸಾರ್ವಜನಿಕರು ನೀರನ್ನು ಮುಟ್ಟದೆ ಸಂತೋಷಪಡಬಹುದು.”

ಮೇಲಿನವರಿಗೆ ಬಹಳ ಸಂತೋಷವಾಯಿತು. ಇನ್ನು ವಾರವಾರವೂ ವರದಿ ಕಳಿಸಿ ಎಂದರು.

ನಾಲ್ಕನೆಯ ವಾರ ಜವಾನ ಬೋಗುಣಿ ಹಿಡಿದು ಬಂದು ನಿಂತ. “ಸಾರ್, ಕೆಂಚ ಒಂದು ಕಡೆ ವಾಲ್ಕೊಂಡು ಈಜ್ತಿದಾನೆ.”

“ಕೈಕಾಲು ಬಿಟ್ಟಿಲ್ಲ ತಾನೆ?”

“ಅವನಿಗೆ ಅವು ಮೊದ್ಲಿಂದ್ಲೂ ಇಲ್ಲ ಸಾರ್.”

ಅದೇ ಹೊತ್ತಿಗೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮನೆಯ ಬಣ್ಣ ಒಣಗಿತ್ತು.

“ಏನಾಯ್ತು ಇವನಿಗೆ?” ಎಂದು ಆಕೆ ಜವಾನನನ್ನೇ ಕೇಳಿದರು.

ಸುಳ್ಳು ಹೇಳಬೇಕೆಂದು ಜವಾನನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಡ್ಯೂಟಿ ಮೇಲೆ ಕೆರೆಗೆ ಹೋಗಿದ್ದ ಅಮ್ಮಾ,” ಎಂದ.

ನಿರ್ದೇಶಕರು ಕಣ್ಣು ಮುಚ್ಚಿಕೊಂಡರು. ಅತ್ತೆ ಮಾತ್ರ ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತು, ಕನ್ನಡಕ ಹಾಕಿಕೊಂಡು ಕೇಳಿದರು: “ನೇಮಕಾತಿ ಆದೇಶ ಎಲ್ಲಿ?”

“ಅತ್ತೆ, ಅದು ಮೀನು.”

“ದುಡಿಸ್ಕೊಳ್ಳುವಾಗ ಮೀನು ಅಂತ ನೆನಪಾಗ್ಲಿಲ್ವಾ? ಹುದ್ದೆ ಇಲ್ಲ, ರಜೆ ಇಲ್ಲ, ಕೆಲಸದ ಜಾಗದಲ್ಲಿ ಒಳ್ಳೆ ನೀರಿನ ವ್ಯವಸ್ಥೆಯೂ ಇಲ್ಲ!”

“ಕೆಲಸದ ಜಾಗ ಪೂರ್ತಿ ನೀರೇ, ಅತ್ತೆ.”

“ನೀವು ಕುಡೀತೀರಾ ಅದನ್ನ?”

ಕುಡಿಯುವುದಿಲ್ಲ ಎಂದು ನಿರ್ದೇಶಕರು ಒಪ್ಪಿಕೊಂಡರು.

ಅವರಿಗೆ ಬೇರೆ ದಾರಿಯಿರಲಿಲ್ಲ. ಮೀನು ಕಚೇರಿಯ ಕೆಲಸಕ್ಕೆ ಹೋಗಿರಲಿಲ್ಲ ಎಂದರೆ ನಾಲ್ಕು ವಾರದ ವರದಿಯೂ ಸುಳ್ಳಾಗುತ್ತಿತ್ತು. ಹೋಗಿತ್ತು ಎಂದರೆ ಅದು ನೌಕರನಾಗುತ್ತಿತ್ತು. ಅಂದೇ ಆದೇಶ ಹೊರಟಿತು:

“ಶ್ರೀ ಕೆಂಚ ಇವರನ್ನು ‘ನಿವಾಸಿ ಮೀನು’ ಹುದ್ದೆಗೆ ನೇಮಿಸಿದೆ. ಸದರಿಯವರು ಕೆಲಸದ ವೇಳೆಯಲ್ಲಿ ಜೀವಂತವಾಗಿರತಕ್ಕದ್ದು. ಪೂರ್ವಾನುಮತಿಯಿಲ್ಲದೆ ವಂಶಾಭಿವೃದ್ಧಿ ಮಾಡತಕ್ಕದ್ದಲ್ಲ.”

ಎರಡನೆಯ ಆದೇಶದಲ್ಲಿ ಕೆಂಚನಿಗೆ ವೈದ್ಯಕೀಯ ರಜೆ ಸಿಕ್ಕಿತು. ಬದಲಿ ನೌಕರನಿಲ್ಲದ ಕಾರಣ ವಾರದ ವರದಿ ನಿಂತಿತು. ಆದರೆ ರಜೆ ಮುಗಿದ ಮೇಲೆ ಅವನು ಅದೇ ನೀರಿಗೆ ಇಳಿಯಬೇಕಿತ್ತು.

“ಇನ್ನೊಂದು ಸಲ ಇಳಿದ್ರೆ ಇವನು ಉಳಿಯಲ್ಲ,” ಎಂದರು ಅತ್ತೆ. ಅವರ ದನಿ ಅಂದು ಮೊದಲ ಸಲ ಸಣ್ಣದಾಗಿತ್ತು. “ಕೆಲಸದ ಜಾಗ ಸರಿಮಾಡಿ.”

“ಅದಕ್ಕೆ ನೌಕರ ಖುದ್ದಾಗಿ ಲಿಖಿತ ದೂರು ಕೊಡ್ಬೇಕು ಅತ್ತೆ. ನಿಮ್ಮ ಸಂಘವೇ ಹಟಹಿಡಿದು ಮಾಡಿಸಿದ ನಿಯಮ.”

ಅತ್ತೆ ಕನ್ನಡಕ ತೆಗೆದರು. ಆಗ ಕಿರಿಯ ವಿಜ್ಞಾನಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು.

“ದೂರು ಕೊಟ್ಟಿದಾನೆ ಸಾರ್. ಪ್ರತಿ ವಾರವೂ ಕೊಟ್ಟಿದಾನೆ. ನಾವು ಅವನು ಇದಾನೋ ಇಲ್ವೋ ಅಂತ ಮಾತ್ರ ನೋಡ್ತಿದ್ವಿ, ಏನು ಬರೆದಿದಾನೆ ಅಂತ ನೋಡಿರ್ಲಿಲ್ಲ.”

ಅವಳು ವಿವರಿಸಿದಳು. ಮೈಗೆ ಲೋಹದ ವಿಷ ಸೇರಿದರೆ, ಅದನ್ನು ಹಿಡಿದಿಡುವ ಪ್ರೋಟೀನ್ ಬೇಕೆಂದು ಮೀನಿನ ಕಿವಿರು ಆರ್‌ಎನ್‌ಎ ಚೀಟಿ ಬರೆಯುತ್ತದೆ. ಮೊದಲ ವಾರದ ನೀರಿನಲ್ಲಿ ಆ ಚೀಟಿ ಅಲ್ಲೊಂದು ಇಲ್ಲೊಂದು ಇತ್ತು. ನಾಲ್ಕನೆಯ ವಾರ ಬೇರೆ ಚೀಟಿಯೇ ಇಲ್ಲವೆನ್ನುವಷ್ಟು ಅದೇ ತುಂಬಿತ್ತು.

ನಿರ್ದೇಶಕರು ಹಾಳೆಯನ್ನು ತಿರುಗಿಸಿ ನೋಡಿದರು. “ಯಾವ ಲಿಪಿ ಇದು?”

“ನಾಲ್ಕೇ ಅಕ್ಷರದ್ದು ಸಾರ್.”

“ಒಳ್ಳೇದು. ಸಹಿ ಎಲ್ಲಿ?”

“ಪ್ರತಿ ಸಾಲೂ ಅವನ ಮೈಯಿಂದಲೇ ಬಂದಿದೆ ಸಾರ್. ಬೇರೆ ಮೀನಿಗೆ ಹೀಗೇ ಬರೆಯೋಕೆ ಬರಲ್ಲ.”

ದೂರು ಸ್ವೀಕೃತವಾಯಿತು. ಕೆರೆಯಂಚಿನ ಮನೆಗಳವರು ಬರೆದ ದೂರುಗಳೂ ಒಂದು ಕಪಾಟಿನ ತುಂಬ ಇದ್ದವು. ಅವರು ಇಲಾಖೆಯ ನೌಕರರಲ್ಲದ ಕಾರಣ ಅವಕ್ಕೆ ಉತ್ತರಿಸುವ ಪದ್ಧತಿ ಇರಲಿಲ್ಲ.

ಜೀಪು ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಯ ಮುಂದೆ ನಿಂತಿತು. ಅದರ ಹಿಂಬದಿಯ ಕೊಳವೆ ನೇರ ಕೆರೆಗೆ ಇಳಿದಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಜೀಪಿನ ಚಾಲಕ ದಾರಿ ಕೇಳಲೂ ಇಲ್ಲ.

ಮಾಲೀಕರು ನಗುತ್ತ ಬಂದರು. “ಇಷ್ಟು ವರ್ಷದಿಂದ ಬಿಡ್ತಾ ಇದೀವಿ, ಜನ ಯಾರೂ ಏನೂ ಅಂದಿಲ್ಲ.”

“ಜನದ ಮಾತು ಯಾರು ಆಡಿದ್ರು ಇಲ್ಲಿ?” ಎಂದರು ಅತ್ತೆ, ಬೋಗುಣಿಯನ್ನು ಮುಂದೆ ಹಿಡಿದು. “ಇವನು ಸರ್ಕಾರಿ ನೌಕರ. ಕರ್ತವ್ಯದಲ್ಲಿದ್ದಾಗ ಇವನ ಮೇಲೆ ವಿಷ ಸುರಿದಿದೀರಿ.”

ಮಾಲೀಕರ ನಗು ಇಳಿಯಿತು. “ಅಯ್ಯೋ, ಮೊದಲೇ ಹೇಳ್ಬಾರ್ದಾ ಅಮ್ಮಾ? ನಾನು ಇವರನ್ನ ಬರೀ ಮೀನು ಅನ್ಕೊಂಡಿದ್ದೆ.”

ಅದೇ ವಾರ ಕೊಳವೆ ಮುಚ್ಚಿತು. ತಿಂಗಳೊಳಗೆ ಕಾರ್ಖಾನೆಯಲ್ಲಿ ನೀರು ಶುದ್ಧಿ ಮಾಡುವ ತೊಟ್ಟಿ ಎದ್ದಿತು. ಕಚೇರಿಯವರು ವಿಷದ ಹೂಳನ್ನು ಎತ್ತಿಸಿದರು, ದಡದುದ್ದಕ್ಕೂ ಜೊಂಡು ನೆಡಿಸಿದರು. ಎಲ್ಲ ಬಿಲ್ಲುಗಳ ಮೇಲೂ ‘ನೌಕರರ ಕಲ್ಯಾಣ’ ಎಂದು ಬರೆಯಲಾಯಿತು. ಕೆಂಚ ಅತ್ತೆಯ ಮನೆಯಲ್ಲಿ ರಜೆ ಮುಂದುವರಿಸುತ್ತ ನೆಟ್ಟಗೆ ಈಜತೊಡಗಿದ. ಸ್ವಲ್ಪ ದಪ್ಪಗೂ ಆದ.

ಮಳೆಗಾಲ ಕಳೆದು ಮತ್ತೆ ಮಾರ್ಚ್ ಬಂತು. ಕಿರಿಯ ವಿಜ್ಞಾನಿ ಯಾರನ್ನೂ ನೀರಿಗಿಳಿಸದೆ ಮಾದರಿ ತಂದಳು. ಮಾರನೆಯ ದಿನ ನಿರ್ದೇಶಕರ ಕೋಣೆಗೆ ಓಡುತ್ತಲೇ ಬಂದಳು.

“ಸಾರ್, ಒಂಬತ್ತು ಜಾತಿ ಮೀನು! ಎಲ್ಲಾ ಜೀವಂತ! ಮೇಲಿನ ಕಾಲುವೆಯಿಂದ ತಾವೇ ಬಂದಿವೆ.”

ನಿರ್ದೇಶಕರ ಹುಬ್ಬು ಗಂಟಿಕ್ಕಿತು. “ಅವರನ್ನೆಲ್ಲ ಯಾರು ನೇಮಿಸಿದ್ದು?”

ಅತ್ತೆಗೆ ಫೋನ್ ಹೋಯಿತು. ಹಿಂಬಾಗಿಲಿನಿಂದ ಸೇರಿದವರನ್ನು ಸಂಘ ಎಂದೂ ಬೆಂಬಲಿಸಿಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿದರು.

ಕೆರೆಯ ದಂಡೆಯಲ್ಲಿ ಫಲಕ ಬಂತು: “ನೇಮಕಾತಿ ಆದೇಶವಿಲ್ಲದ ಮೀನುಗಳು ಇಲ್ಲಿ ವಾಸಿಸುವುದನ್ನು ನಿಷೇಧಿಸಿದೆ.” ಸಂಜೆ ಗಾಳಿಗೆ ಬಂದವರು ಅದನ್ನು ಓದಿ, ಸರಿಯೆಂದು ತಲೆಯಾಡಿಸಿ, ಅದಕ್ಕೇ ಒರಗಿ ಕೂತರು. ಅವರ ಮಕ್ಕಳು ನೀರಿಗೆ ಕಾಲು ಇಳಿಬಿಟ್ಟರೆ ಅನಧಿಕೃತ ಮರಿಮೀನುಗಳು ಬಂದು ಕಚಗುಳಿಯಿಡುತ್ತಿದ್ದವು. ಯಾರ ಆಕ್ಷೇಪಣೆಯೂ ಬರಲಿಲ್ಲ. ಕಿರಿಯ ವಿಜ್ಞಾನಿಯೂ ವರದಿಯನ್ನು ನಿಯಮದಂತೆ ತಿದ್ದಿ ಸಹಿ ಹಾಕಿದಳು.

ಕೆರೆಗೆ ‘ಅತ್ಯುತ್ತಮ’ ದರ್ಜೆ ಸಿಕ್ಕಿತು. ಕೆರೆಯ ಒಟ್ಟು ಮೀನುಗಳ ಸಂಖ್ಯೆ, ರಜೆಯಲ್ಲಿರುವವರೂ ಸೇರಿ: ಒಂದು.